ಮಂಜುಗಡ್ಡೆಯ ಮೇಲೆ ನಿಂತುಹೋದ ಗಡಿಯಾರ

ಜಿನೀವಾದಾಚೆ ಬೆಟ್ಟಗಳ ನಡುವಿನ ನಮ್ಮ ಝು ಕಣಿವೆಯಲ್ಲಿ ಗಡಿಯಾರ ಬಿಚ್ಚಲು ಬಾರದವರು ಸಿಗುವುದು ಕಷ್ಟ. ಪಾದ್ರಿಯ ಮೇಜಿನ ಖಾನೆಯಲ್ಲೂ ಒಂದು ಸಣ್ಣ ಸ್ಕ್ರೂಡ್ರೈವರ್ ಇರುತ್ತದೆ. ಅದು ನಮ್ಮ ಹೆಮ್ಮೆ, ನಮ್ಮ ಪೀಡೆಯೂ ಅದೇ. ಬಿಚ್ಚುವವರು ಊರೆಲ್ಲ, ಜೋಡಿಸುವವರು ಬೆರಳೆಣಿಕೆ. ಆ ಕೆಲವರಲ್ಲಿ ಸೊಲಾಂಜ್ ರೋಷಾ ಒಬ್ಬರು. ನಾನು ಅವರನ್ನು ಸೊಲಾಂಜಕ್ಕ ಎನ್ನುತ್ತೇನೆ. ಅವರ ಮನೆಯ ಕೆಳಗೇ ನನ್ನ ಚೀಸ್ ಅಂಗಡಿ.

ಸೊಲಾಂಜಕ್ಕ ಬದುಕೆಲ್ಲ ಜೋಡಿಸಿದ್ದು ಕ್ರೋನೋಗ್ರಾಫ್‌ಗಳನ್ನು. ಗುಂಡಿ ಒತ್ತಿದರೆ ಉದ್ದದ ಮುಳ್ಳು ಓಡಬೇಕು, ಮತ್ತೆ ಒತ್ತಿದರೆ ನಿಲ್ಲಬೇಕು, ಇನ್ನೊಂದು ಗುಂಡಿ ಒತ್ತಿದರೆ ಸೊನ್ನೆಗೆ ಮರಳಬೇಕು. ಇಷ್ಟಕ್ಕಾಗಿ ಒಳಗೆ ಒಂದು ಸಂತೆಯೇ ನೆರೆದಿರುತ್ತದೆ. ಅಂಥ ಗಡಿಯಾರವನ್ನು ಯಾರು ಬಿಚ್ಚುತ್ತಾರೋ ಅವರೇ ಮುಚ್ಚಬೇಕು, ನಡುವೆ ಇನ್ನೊಬ್ಬರ ಕೈ ಸೋಕಬಾರದು ಎಂಬುದು ಇಲ್ಲಿಯ ಕಟ್ಟುಪಾಡು. ಕೆಲಸ ಸರಿಹೋದ ಮೇಲೆ ಹಿಂಬದಿಯ ಮುಚ್ಚಳದ ಒಳಗೆ ಸೂಜಿಯಿಂದ ತಮ್ಮದೊಂದು ಗುರುತು ಗೀರುತ್ತಾರೆ. ಸೊಲಾಂಜಕ್ಕನದು ಪುಟ್ಟ ಫರ್ ಮರ.

ಬಲಗೈ ನಡುಗಲು ಶುರುವಾದ ಮೇಲೆ ಅವರು ಯಾವ ಗಡಿಯಾರಕ್ಕೂ ಗುರುತು ಹಾಕಿರಲಿಲ್ಲ. ಅಡುಗೆಮನೆಯ ಕಿಟಕಿಯ ಬಳಿಯ ಕೆಲಸದ ಮೇಜಿನ ಮೇಲೆ ಬಟ್ಟೆ ಹೊದಿಸಿ ಹೂಕುಂಡ ಇಟ್ಟಿದ್ದರು. ಆ ಮೇಜನ್ನು ಕೊಳ್ಳಲು ಜಿನೀವಾದ ವ್ಯಾಪಾರಿಯೊಬ್ಬ ಸೋಮವಾರ ಬರುವವನಿದ್ದ. ಮಾರಬೇಡಿ ಎನ್ನಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿತ್ತು. ಆದರೆ ಅವರೆದುರು ಬಾಯಿಬಿಡುವ ಧೈರ್ಯ ಯಾರಿಗಿತ್ತು?

ಅದೇ ವಾರ, ಎಷ್ಟೋ ಚಳಿಗಾಲಗಳ ನಂತರ, ಸರೋವರ ಗಟ್ಟಿಯಾಗಿ ಹೆಪ್ಪುಗಟ್ಟಿತು. ಭಾನುವಾರ ಸ್ಕೇಟಿಂಗ್ ಪಂದ್ಯ ಎಂದು ಡಂಗುರ ಹೊಡೆದದ್ದೂ ಆಯಿತು. ನಮ್ಮ ಸ್ಕೇಟಿಂಗ್ ಸಂಘದ ಹಳೆಯ ಕ್ರೋನೋಗ್ರಾಫಿನಲ್ಲೇ ಸಮಯ ಹಿಡಿಯುವುದು ರೂಢಿ. ಹಿಡಿಯುವವನು ಫೆರ್ನಾಂ, ಸೊಲಾಂಜಕ್ಕನ ಮೈದುನ. ಪಂದ್ಯಕ್ಕೆ ಮೊದಲೊಮ್ಮೆ ಅವನು ನನ್ನನ್ನೂ ಕರೆದುಕೊಂಡು ಅದನ್ನು ಮಂಜುಗಡ್ಡೆಯ ಮೇಲೆ ಒಯ್ದು ಗುಂಡಿ ಒತ್ತಿ ನೋಡಿದ. ಮುಳ್ಳು ನಾಲ್ಕು ಹೆಜ್ಜೆ ಹೋಗಿ ನಿಂತಿತು, ಗಡಿಯಾರವೂ ನಿಂತಿತು. ನಾವಿಬ್ಬರೂ ಸೊಲಾಂಜಕ್ಕನ ಅಡುಗೆಮನೆಗೆ ಓಡಿದೆವು.

"ನನ್ನ ಕೈ ನೋಡಿದೀಯಲ್ಲ," ಎಂದರು ಅವರು. "ಕಾಫಿ ಬಗ್ಗಿಸೋಕೂ ಎರಡೂ ಕೈ ಬೇಕು."

"ಬಿಚ್ಚಬೇಡಿ ಅತ್ತಿಗೆ, ಬರೀ ನೋಡಿ," ಎಂದ ಫೆರ್ನಾಂ.

ಬರೀ ನೋಡಿ ಸುಮ್ಮನಿರುವುದು ಅವರ ಕೈಲಾಗುತ್ತದೆಯೇ? ಹೂಕುಂಡ ಕೆಳಗಿಳಿಯಿತು, ಭೂತಗನ್ನಡಿ ಕಣ್ಣಿಗೇರಿತು. ಮುಚ್ಚಳ ತೆಗೆದು ಗುಂಡಿ ಒತ್ತಿದರು. ಮುಳ್ಳು ಮದುವೆ ಮೆರವಣಿಗೆಯ ಹಾಗೆ ಸಲೀಸಾಗಿ ಓಡಿತು. ನಿಲ್ಲಿಸಿದರು, ಓಡಿಸಿದರು, ಮಗ್ಗುಲು ಬದಲಿಸಿದರು. ಮುಳ್ಳು ಗಾಜಿಗೆ ತಾಗುತ್ತಿರಲಿಲ್ಲ. ಗುಂಡಿ ಒತ್ತಿದಾಗ ಪಕ್ಕದ ಪುಟ್ಟ ಚಕ್ರ ಸರಿದು ನಡುವಿನ ಚಕ್ರಕ್ಕೆ ಹಲ್ಲು ಕೊಡುವುದೂ ಅಳತೆಗೆ ಸರಿಯಾಗಿಯೇ ಇತ್ತು.

"ಆ ಹಲ್ಲು ಜಾಸ್ತಿ ಒಳಗೆ ಹೋಗ್ತಿರ್ಬೇಕು. ಅದರ ಅಳತೆ ಹಿಡಿಯೋ ತಿರುಪು ಒಂಚೂರು ತಿರುಗಿಸಿ," ಎಂದ ಫೆರ್ನಾಂ.

"ಅದನ್ನ ಮುಟ್ಟಿದ್ರೆ ನಿನ್ನ ಬೆರಳು ಕತ್ತರಿಸ್ತೀನಿ. ಸರಿಯಾಗಿರೋ ತಿರುಪು ಮುಟ್ಟಿದವ್ನು ಆಮೇಲೆ ಎಲ್ಲಾ ತಿರುಪೂ ಮುಟ್ತಾನೆ. ಇಲ್ಲಿ ಚೆನ್ನಾಗೇ ಓಡ್ತಿದೆ. ಅಲ್ಲಿ ನಿಂತಿತು ಅಂತೀಯ. ಇಲ್ಲಿಗೂ ಅಲ್ಲಿಗೂ ಏನು ವ್ಯತ್ಯಾಸ?"

ಅವರು ಉತ್ತರಕ್ಕೆ ಕಾಯಲಿಲ್ಲ. ಗಡಿಯಾರವನ್ನು ಗಾಜಿನ ಬಟ್ಟಲಲ್ಲಿ ಮುಚ್ಚಿ ಕಿಟಕಿಯಾಚೆ ಹಿಮದ ಮೇಲಿಟ್ಟರು. ನನ್ನ ಅಂಗಡಿಯ ವಾಶ್ರಿನ್ ಚೀಸ್ ಒಲೆಯಲ್ಲಿ ಕರಗಿತು, ಆಲೂಗಡ್ಡೆ ಬೆಂದವು, ಮೂವರೂ ತಿಂದೆವು. ಆಮೇಲೆ ಬಟ್ಟಲು ತೆಗೆದು, ಗಡಿಯಾರ ಹೊರಗಿದ್ದಂತೆಯೇ ಗುಂಡಿ ಒತ್ತಿದರು. ನಾಲ್ಕು ಹೆಜ್ಜೆ, ಅಲ್ಲಿಗೆ ಮುಗಿಯಿತು.

"ಎಣ್ಣೆ," ಎಂದರು ಸೊಲಾಂಜಕ್ಕ. "ಒಣಗಿರಬೇಕಾದ ಹಲ್ಲುಗಳಿಗೆ ಯಾರೋ ಎಣ್ಣೆ ಬಿಟ್ಟಿದಾರೆ. ಚಳಿಗೆ ಅದು ಅಂಟಾಗ್ತಿದೆ. ಇದು ಇಷ್ಟು ವರ್ಷ ಯಾರ ಹತ್ರ ಇತ್ತು?"

ಫೆರ್ನಾಂ ತನ್ನ ಟೋಪಿಯನ್ನು ಪರೀಕ್ಷಿಸತೊಡಗಿದ. "ನನ್ ಹತ್ರಾನೇ ಅತ್ತಿಗೆ. ಒಂದೇ ಹನಿ."

"ಒಂದೇ ಸಲಾನಾ?"

"ಪ್ರತಿ ಚಳಿಗಾಲಕ್ಕೂ. ಸರೋವರ ಹೆಪ್ಪುಗಟ್ಟಲ್ಲ, ಇದು ಸುಮ್ನೆ ಬಿದ್ದಿರುತ್ತೆ. ಪಾಪ ಅನ್ನಿಸ್ತಿತ್ತು."

"ಗಡಿಯಾರನೋ ಅದು, ಕೂಸೋ? ಎಣ್ಣೆ ಹಚ್ಚಿ ಮಲಗಿಸೋಕೆ."

ಬೇರೆ ಊರಿನವನಾಗಿದ್ದರೆ ಗಡಿಯಾರವನ್ನು ಪೆಟ್ಟಿಗೆಯಲ್ಲಿಟ್ಟು ಮರೆಯುತ್ತಿದ್ದ, ಅದು ಚೆನ್ನಾಗಿಯೂ ಇರುತ್ತಿತ್ತು. ನಮ್ಮವರಿಗೆ ಕೈ ಕಟ್ಟಿ ಕೂತು ಗೊತ್ತಿಲ್ಲ.

ಈಗ ಬಿಚ್ಚದೆ ವಿಧಿಯಿರಲಿಲ್ಲ. ಬಿಚ್ಚುವುದು, ಬೆಂಜೀನಿನಲ್ಲಿ ತೊಳೆಯುವುದು, ಮರದ ಪುಡಿಯಲ್ಲಿ ಒಣಗಿಸುವುದು, ಇಷ್ಟೂ ಹೇಗೋ ನಡೆಯಿತು. ಮರುಜೋಡಣೆಯಲ್ಲಿ ಕೂದಲೆಳೆಯಂಥ ಒಂದು ಸ್ಪ್ರಿಂಗ್ ಉಳಿಯಿತು. ಅವರು ಚಿಮಟ ಹಿಡಿದು ಹತ್ತಿರ ಒಯ್ದರು. ತುದಿ ಗಡಗಡ ನಡುಗಿತು. ಮತ್ತೆ ಒಯ್ದರು. ಸ್ಪ್ರಿಂಗ್ ಚಿಮ್ಮಿ ಮೇಜಿನಂಚಿನ ತಡೆಪಟ್ಟಿಗೆ ಬಡಿದು ನಿಂತಿತು. ಸೊಲಾಂಜಕ್ಕ ಭೂತಗನ್ನಡಿ ತೆಗೆದಿಟ್ಟರು. ಕಣ್ಣು ತುಂಬಿತ್ತು.

"ಸೋಮವಾರ ಆ ಜಿನೀವಾದವ್ನು ಬಂದು ಒಯ್ಯಲಿ," ಎಂದರು. "ಮೇಜು ಇಟ್ಕೊಂಡು ಏನ್ ಮಾಡ್ಲಿ?"

ಫೆರ್ನಾಂ ಕುರ್ಚಿ ಎಳೆದು ಪಕ್ಕದಲ್ಲಿ ಕೂತ. "ನಾನು ಗಡಿಯಾರ ಮುಟ್ಟಲ್ಲ. ಆಣೆ. ಕಟ್ಟುಪಾಡು ಮುರಿಯಲ್ಲ," ಎನ್ನುತ್ತ ಮುಷ್ಟಿ ಬಿಗಿದು ಗಡಿಯಾರದ ಪಕ್ಕ ಊರಿದ. "ಇದರ ಮೇಲೆ ಕೈ ಇಡಿ."

"ನಿನ್ನ ಕೈ ಚೀಸ್ ನಾತ ಹೊಡೀತಿದೆ."

"ನಾತಕ್ಕೆ ನಡುಕ ಇಲ್ಲ ಅತ್ತಿಗೆ."

ಅವರು ಮಣಿಕಟ್ಟನ್ನು ಅವನ ಮುಷ್ಟಿಯ ಮೇಲೆ ಒತ್ತಿ ಇಟ್ಟರು. ಫೆರ್ನಾಂ ಉಸಿರು ಹಿಡಿದ, ನಾನೂ ಹಿಡಿದೆ. ಚಿಮಟದ ತುದಿ ನಿಧಾನವಾಗಿ ಶಾಂತವಾಯಿತು. ಸ್ಪ್ರಿಂಗ್ ತನ್ನ ಜಾಗಕ್ಕೆ ಹೋಗಿ ಕೂತಿತು.

ಭಾನುವಾರ ಇಡೀ ಕಣಿವೆ ಸರೋವರದ ಮೇಲಿತ್ತು. ಮೊದಲ ಓಟಕ್ಕೆ ಫೆರ್ನಾಂ ಗುಂಡಿ ಒತ್ತಿದಾಗ ಸೊಲಾಂಜಕ್ಕ ಓಟಗಾರರತ್ತ ನೋಡಲೇ ಇಲ್ಲ. ಮುಳ್ಳು ನಾಲ್ಕು ಹೆಜ್ಜೆ ದಾಟಿತು, ಸುತ್ತು ಹಾಕಿತು, ಮತ್ತೆ ಸುತ್ತು ಹಾಕಿತು. ಕೊನೆಯ ಓಟದವರೆಗೂ ಅದು ಒಮ್ಮೆಯೂ ತಡವರಿಸಲಿಲ್ಲ. ಯಾರು ಗೆದ್ದರು ಎಂದು ಅವರನ್ನು ಇವತ್ತು ಕೇಳಿದರೂ ಗೊತ್ತಿಲ್ಲ ಎನ್ನುತ್ತಾರೆ.

ಸೋಮವಾರ ಜಿನೀವಾದವನು ವ್ಯಾನ್ ತಂದು ಮೆಟ್ಟಿಲು ಹತ್ತಿದ. ಸುದ್ದಿ ತಿಳಿಯಲು ನಾನೂ ಹಿಂದೆಯೇ ಹತ್ತಿದೆ. ಕಿಟಕಿಯ ಬೆಳಕಿನಲ್ಲಿ ಗಡಿಯಾರದ ಮುಚ್ಚಳ ಮೇಜಿನ ಮೇಲೆ ಅಂಗಾತ ಬಿದ್ದಿತ್ತು. ಅದರಲ್ಲಿ ಹೊಸ ಫರ್ ಮರ, ಕೊಂಚ ಸೊಟ್ಟಗಿತ್ತು. ಅದರ ಪಕ್ಕದಲ್ಲಿ ಫೆರ್ನಾಂ ನಾಲಿಗೆ ಕಚ್ಚಿಕೊಂಡು ಸೂಜಿಯಿಂದ ಒಂದು ಪುಟ್ಟ ಮುಷ್ಟಿ ಗೀರುತ್ತಿದ್ದ.

"ದೊಡ್ಡದು ಮಾಡ್ಬೇಡ. ಮುಂದಿನ ಸಲಕ್ಕೂ ಜಾಗ ಬೇಕು," ಎಂದು ಗದರಿಸಿದ ಸೊಲಾಂಜಕ್ಕ, ಬಾಗಿಲಲ್ಲಿ ನಿಂತವನತ್ತ ತಿರುಗಿದರು.

"ಕ್ಷಮಿಸಿ ಸ್ವಾಮಿ. ಮೇಜು ಖಾಲಿ ಇಲ್ಲ."