ಊರ್ಮಿಳೆಯ ಮುಷ್ಟಿ ಮತ್ತು ಕೆಂಪು ಮರಳು

ನನ್ನ ಹೆಂಡತಿ ಊರ್ಮಿಳಾ ಇಪ್ಪತ್ತಾರು ವರ್ಷಗಳಿಂದ ಮರಳು ಹಿಸುಕಿ ಸಂಬಳ ತೆಗೆದುಕೊಳ್ಳುತ್ತಿದ್ದಾಳೆ. ನೆಂಟರ ಮುಂದೆ ಹೀಗೆ ಹೇಳಿದಾಗಲೆಲ್ಲ ಕಣ್ಣು ಕೆಕ್ಕರಿಸುತ್ತಾಳೆ, ಆದರೆ ಮಾತು ಸುಳ್ಳಲ್ಲ. ಕಳಮಶ್ಶೇರಿಯ ಒಂದು ಫೌಂಡ್ರಿಯಲ್ಲಿ ಅವಳ ಕೆಲಸ. ಅಲ್ಲಿ ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ಯುತ್ತಾರೆ. ಮರಳಿನಲ್ಲಿ ನೀರು ಹೆಚ್ಚಾದರೆ ಎರಕದಲ್ಲಿ ತೂತು ಬೀಳುತ್ತದೆ, ಕಡಿಮೆಯಾದರೆ ಅಚ್ಚೇ ಉದುರಿಹೋಗುತ್ತದೆ. ಪರೀಕ್ಷೆಗೆ ಯಂತ್ರ ಇದ್ದೇ ಇದೆ. ಆದರೂ ಊರ್ಮಿಳಾ ಒಂದು ಮುಷ್ಟಿ ಮರಳು ಹಿಡಿದು, ಉಂಡೆ ಕಟ್ಟಿ, ಎರಡಾಗಿ ಮುರಿದು "ಆಗ್ಬಹುದು" ಅನ್ನುವವರೆಗೆ ಯಾರೂ ಅಚ್ಚಿಗೆ ಕೈ ಹಾಕುತ್ತಿರಲಿಲ್ಲ. ತುಮಕೂರಿನಿಂದ ಬಂದವಳಿಗೆ ಇಲ್ಲಿ ಸಿಕ್ಕ ಮರ್ಯಾದೆ ಅದು. ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯ ಉಗ್ರಾಣದಲ್ಲಿ ನಟ್ಟು ಬೋಲ್ಟು ಹಂಚುತ್ತ, ಅಲ್ಲೇ ಬೇರೆ ಉಳಿದಿರುವ ನನಗೆ ಅಂಥದ್ದು ಒಂದು ದಿನವೂ ಸಿಕ್ಕಿಲ್ಲ.

ಆರು ತಿಂಗಳಿಂದ ಅವಳ ಬೆರಳ ತುದಿಗಳಿಗೆ ಸ್ಪರ್ಶ ತಿಳಿಯುತ್ತಿಲ್ಲ. ಸಕ್ಕರೆ ಕಾಯಿಲೆಯ ಪ್ರಸಾದ. ಯಾರಿಗೂ ಹೇಳದೆ ಅಂದಾಜಿನ ಮೇಲೆ ದಿನ ತಳ್ಳಿದಳು. ಡಿಸೆಂಬರಿನಲ್ಲಿ ಒದ್ದೆ ಮರಳಿಗೆ "ಆಗ್ಬಹುದು" ಅಂದುಬಿಟ್ಟಳು. ಒಂದಿಡೀ ದಿನದ ಎರಕ ಮತ್ತೆ ಕುಲುಮೆಗೆ ಹೋಯಿತು. ಯಾರೂ ಬೈಯಲಿಲ್ಲ. "ಸ್ವಲ್ಪ ದಿನ ಕಂಪ್ಯೂಟರ್ ಮುಂದೆ ಕೂತಿರಿ ಚೇಚಿ" ಎಂದು ಮ್ಯಾನೇಜರು ಅಕ್ಕನಿಗೆ ಹೇಳುವಷ್ಟು ಮೃದುವಾಗಿ ಹೇಳಿದರಂತೆ. ಆ ಮೃದುತನವೇ ಅವಳನ್ನು ಸುಟ್ಟಿತು.

ಅದೇ ವಾರ ಫೋನಿನಲ್ಲಿ ನನಗೆ ಎಲ್ಲವನ್ನೂ ಹೇಳಿದಳು. "ರಾಜೀನಾಮೆ ಬರೆದಿಟ್ಟಿದ್ದೀನಿ ಕಣ್ರೀ. ಪೊಂಗಲ್ ರಜ ಮುಗಿದ ಸೋಮವಾರ ಕೊಡ್ತೀನಿ. ಗ್ರೀಷ್ಮಾಗೆ ಹೇಳ್ಬೇಡಿ."

"ಕೆಲಸ ಕಲಿಯೋಕೆ ಬಂದ ಆ ಹುಡುಗಿ ಪಾವನಾಗೆ ಕಲಿಸ್ಕೊಂಡು ಇರಬಹುದಲ್ಲ," ಅಂದೆ.

"ಅದು ಕಲಿಸೋ ವಿದ್ಯೆ ಅಲ್ಲ. ಕೈಯಲ್ಲಿರೋದು. ಕೈ ಹೋಯ್ತು, ಮುಗೀತು."

ಗ್ರೀಷ್ಮಾ ನಮ್ಮ ಮಗಳು. ಕಾಲೇಜಿನ ಕೊನೆಯ ವರ್ಷ. ನಾವು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರಿಸುವುದು ಅವಳ ಹುಟ್ಟುಗುಣ. ನಾಗರಕೋವಿಲಿನಿಂದಾಚೆ ತಮಿಳುನಾಡಿನಲ್ಲಿ ಮರುಭೂಮಿಯಂಥ ಕೆಂಪು ಮರಳ ದಿಬ್ಬಗಳಿವೆ, ಈ ರಜದಲ್ಲಿ ಅಲ್ಲಿ ಟೆಂಟ್ ಹಾಕಿ ಇರಬೇಕು ಎಂದು ಅವಳೇ ಹಟ ಹಿಡಿದಳು. ಮರಳು ನೋಡಿ ಸಾಕಾದವಳನ್ನು ಮರಳು ತೋರಿಸಲು ಕರೆದೊಯ್ಯುವ ಬುದ್ಧಿ ಇನ್ನಾರಿಗೆ ಬಂದೀತು. ಅಮ್ಮನನ್ನು ಕೂರಿಸಿಕೊಂಡು ಕಳಮಶ್ಶೇರಿಯಿಂದ ಕಾರು ಓಡಿಸಿಕೊಂಡು ಬಂದವಳು ನನ್ನನ್ನು ತಿರುವನಂತಪುರದಲ್ಲಿ ಹತ್ತಿಸಿಕೊಂಡಳು. ಊರ್ಮಿಳಾ ದಾರಿಯುದ್ದಕ್ಕೂ ಕೈಚೀಲವನ್ನು ಮಡಿಲಿನಿಂದ ಇಳಿಸಲಿಲ್ಲ. ರಾಜೀನಾಮೆಯ ಕಾಗದ ಅದರಲ್ಲೇ ಇದೆ ಎಂದು ನನಗೆ ಗೊತ್ತಿತ್ತು.

ಸಂಜೆ ನಾಲ್ಕಕ್ಕೆ ತಲುಪಿದೆವು. ಒಬ್ಬರ ತಾಳೆ ತೋಟದ ಅಂಚಿನಲ್ಲಿ, ಅವರ ಒಪ್ಪಿಗೆ ಪಡೆದು, ಕಾರು ನಿಲ್ಲಿಸಿ ದಿಬ್ಬ ಹತ್ತಿದೆವು. ಕುಂಕುಮದ ಭರಣಿ ಬೋರಲು ಬಿದ್ದಂತೆ ಕಣ್ಣು ಹಾಯುವಷ್ಟು ದೂರ ಕೆಂಪು. ದಿಬ್ಬದ ಹಿಂದೆ ದಿಬ್ಬ. ಗಾಳಿ ಬಂದಾಗ ಅವುಗಳ ನೆತ್ತಿ ತೆಳ್ಳಗೆ ಹೊಗೆಯಾಡಿ ಪಕ್ಕಕ್ಕೆ ಸರಿಯುತ್ತಿತ್ತು. ತಿರುಗಿ ನೋಡಿದರೆ ನಾವು ಹತ್ತಿ ಬಂದ ಹೆಜ್ಜೆಗಳು ಆಗಲೇ ಅಳಿಸಿಹೋಗಿದ್ದವು. ರಾಕೆಟ್ ಹಾರುವುದನ್ನು ಎಷ್ಟೋ ಸಲ ನೋಡಿದವನು ನಾನು. ಆದರೂ ಇಷ್ಟು ದೊಡ್ಡದು ಸದ್ದಿಲ್ಲದೆ ನಡೆಯುತ್ತಿದೆಯಲ್ಲ ಅನ್ನಿಸಿ ಮೈ ಜುಮ್ಮೆಂದಿತು.

ಊರ್ಮಿಳಾ ಚಪ್ಪಲಿ ಬಿಟ್ಟು ನಿಂತಿದ್ದಳು. "ಇಷ್ಟು ಮರಳು. ಒಂದು ಮುಷ್ಟೀನೂ ಯಾರೂ ಪರೀಕ್ಷೆ ಮಾಡಿಲ್ಲ ಕಣ್ರೀ," ಅಂದಳು. ಅವಳ ದನಿ ದೇವಸ್ಥಾನದಲ್ಲಿ ಮಾತಾಡುವ ದನಿಯಾಗಿತ್ತು.

ಟೆಂಟ್ ಮಾತ್ರ ನಿಲ್ಲಲಿಲ್ಲ. ಗೂಟ ಎಷ್ಟು ಹೊಡೆದರೂ ಹಗ್ಗ ಎಳೆದ ಕೂಡಲೇ ಎದ್ದು ಬರುತ್ತಿತ್ತು. ಗಾಳಿ ಬೇರೆ ಏರುತ್ತಿತ್ತು. "ಮೇಲಿಂದು ಒಣಗಿದೆ. ಅಗೀರಿ," ಎಂದಳು ಊರ್ಮಿಳಾ. ಒಂದು ಗೇಣು ಅಗೆದಾಗ ಮರಳು ಕಡುಗೆಂಪಾಯಿತು. ಅವಳು ರೂಢಿಯಂತೆ ಒಂದು ಮುಷ್ಟಿ ತೆಗೆದು ಹಿಸುಕಿದಳು. ಮತ್ತೊಮ್ಮೆ ಹಿಸುಕಿದಳು. ನಾನು ಬೇರೆ ಕಡೆ ನೋಡಿದೆ.

"ಗ್ರೀಷ್ಮಾ, ನೀನು ಹಿಡಿ," ಅಂದಳು ಕೊನೆಗೆ. "ನನ್ನ ಬೆರಳಿಗೆ ಏನೂ ಗೊತ್ತಾಗಲ್ಲ ಕಣೇ. ಆರು ತಿಂಗಳಾಯ್ತು."

ಗ್ರೀಷ್ಮಾ ನನ್ನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. "ಅಮ್ಮೇ," ಎಂದಷ್ಟೇ ಅಂದು ಮರಳು ಹಿಡಿದಳು.

ಊರ್ಮಿಳಾ ಕಣ್ಣು ಮುಚ್ಚಿದಳು. "ತಣ್ಣಗಿದೆಯಾ?"

"ತಣುಪ್ಪುಂಡ್."

"ಕೈ ಬಿಚ್ಚು. ಬೆರಳಿನ ಗುರುತು ಉಳಿದಿದೆಯಾ? ಅಂಗೈಗೆ ಅಂಟಿದೆಯಾ?"

"ಗುರುತು ಇದೆ. ಅಂಟಿಲ್ಲ." ತನಗೇ ತಿಳಿಯದೆ ಕನ್ನಡಕ್ಕೆ ಬಂದಿದ್ದಳು.

"ಈಗ ಮುರಿ. ಅಂಚು ನಿಂತಿತಾ, ಉದುರಿತಾ?"

"ಉದುರ್ತಿದೆ."

"ಸಾಲದು. ಇನ್ನೊಂದು ಗೇಣು ಅಗೀರಿ."

ಅಗೆದೆವು. ಮತ್ತೆ ಅವೇ ಪ್ರಶ್ನೆಗಳು. ಈ ಸಲ ಉಂಡೆ ನೀಟಾಗಿ ಎರಡಾಯಿತು. ಕಣ್ಣು ತೆರೆಯದೆಯೇ ಊರ್ಮಿಳಾ "ಆಗ್ಬಹುದು" ಅಂದಳು. ಆಮೇಲೆ ಫೌಂಡ್ರಿಯ ಪದ್ಧತಿ. ಪ್ರತಿ ಗೂಟಕ್ಕೂ ಹಗ್ಗ ಕಟ್ಟಿ, ಗುಂಡಿಯಲ್ಲಿ ಅಡ್ಡ ಮಲಗಿಸಿ, ಮೇಲೆ ಆ ಹಸಿ ಮರಳನ್ನು ಪದರಪದರವಾಗಿ ಹಾಕಿ, ಟಿಫಿನ್ ಡಬ್ಬಿಯ ತಳದಿಂದ ಕುಟ್ಟಿ ಕೂರಿಸಿದೆವು. ಅಚ್ಚು ಕಟ್ಟಿದ ಹಾಗೇ.

ಬೆಳಿಗ್ಗೆ ಹೊರಬಂದು ನೋಡಿದರೆ ಎದುರಿನ ದಿಬ್ಬದ ಅಂಚು ಒಂದು ಮೊಳ ಈಚೆ ಬಂದಿತ್ತು. ರಾತ್ರಿಯ ಗಾಳಿಗೆ ಅಷ್ಟು ದೊಡ್ಡ ದಿಬ್ಬವೇ ಸರಿದಿತ್ತು, ನಮ್ಮ ನಾಲ್ಕು ಗೂಟ ಅಲ್ಲಾಡಿರಲಿಲ್ಲ.

ಊರ್ಮಿಳಾ ಕೈಚೀಲ ತೆರೆದು ಕಾಗದ ತೆಗೆದಳು. ಬೇರೆ ಕಾಗದ ಇರಲಿಲ್ಲ. ಅದರ ಹಿಂಬದಿಯಲ್ಲಿ, ಅವಳು ಕನ್ನಡದಲ್ಲಿ ಹೇಳಿದ್ದನ್ನು ಗ್ರೀಷ್ಮಾ ಮಲಯಾಳದಲ್ಲಿ ಬರೆದಳು, ಪಾವನಾ ಓದಬೇಕಲ್ಲ. ತಣ್ಣಗಿದೆಯಾ ಎಂದು ಶುರುವಾಗಿ ಒಟ್ಟು ಹನ್ನೊಂದು ಪ್ರಶ್ನೆಗಳಾದವು. ಇಷ್ಟು ವರ್ಷ ಅವಳು ತನ್ನ ಕೈಗೇ ಕೇಳಿಕೊಂಡು ಬಂದದ್ದು ಅಷ್ಟೂ ಅಲ್ಲಿತ್ತು.

ನಾನು ಕಾಗದ ತಿರುವಿ ನೋಡಿದೆ. ರಾಜೀನಾಮೆ ಹಾಗೇ ಇತ್ತು, ಕೆಳಗೆ ಅವಳ ಸಹಿ.

"ಆ ಕಡೆಗೆ ಅಡ್ಡ ಒಂದು ಗೀಟು ಎಳೀರಿ," ಅಂದಳು. "ನನ್ನ ಬೆರಳಲ್ಲಿ ನೆಟ್ಟಗೆ ಬರಲ್ಲ."

ಎಳೆದೆ. ನನ್ನ ಕೈಯಲ್ಲೂ ಸೊಟ್ಟಗೇ ಬಂತು.