ಗುರುಬಸವ್ವನ ಮೀಸೆಯ ಮಗ

ಗುರುಬಸವ್ವನ ತಂಟೆಗೆ ಹೋಗಬೇಡ ಎಂದು ಗುರುಪಾದಯ್ಯನಿಗೆ ಯಾರಾದರೂ ಮೊದಲೇ ಹೇಳಬೇಕಿತ್ತು. ಹೇಳಿದ್ದರೂ ಆ ಮನುಷ್ಯ ಕೇಳುತ್ತಿರಲಿಲ್ಲ ಬಿಡಿ.

ಅವನು ಅವಳ ಮೈದುನ. ಅವಳ ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಅಣ್ಣತಮ್ಮಂದಿರ ಪಾಲು ಅದಕ್ಕೂ ಮೊದಲೇ ಆಗಿ, ಕಾಖಂಡಕಿಯ ಎರೆಹೊಲ ಗುರುಬಸವ್ವನ ಕಡೆಗೆ ಉಳಿದಿತ್ತು. ಮಕ್ಕಳಿಲ್ಲದ ಅತ್ತಿಗೆ ತನ್ನ ಕಿರಿಮಗ ಬಸವರಾಜನನ್ನೇ ದತ್ತಕ ತೆಗೆದುಕೊಳ್ಳುತ್ತಾಳೆ, ಹೊಲ ತನ್ನ ಮನೆಗೇ ಬರುತ್ತದೆ ಎಂದು ಗುರುಪಾದಯ್ಯ ಕಾಲು ಚಾಚಿ ಕೂತಿದ್ದ. ನಿಜ ಹೇಳಬೇಕೆಂದರೆ ಅವಳ ಮನಸ್ಸಿನಲ್ಲೂ ಅದೇ ಇತ್ತು. ಆ ಹುಡುಗನೆಂದರೆ ಅವಳಿಗೆ ಜೀವ.

೧೯೪೬ರಲ್ಲಿ ವಿಜಾಪುರದ ಕೋಟೆಗೋಡೆಯ ಬದಿಗೆ ಪೇಟೆಯ ಹಿರಿಯರು ಕೂಡಿ ಮಕ್ಕಳಿಗೊಂದು ಆಟದ ಬಯಲು ಮಾಡಿದರು. ಗುರುಪಾದಯ್ಯನೇ ಅಧ್ಯಕ್ಷ. ಗುರುಬಸವ್ವ ದಿನಾ ಸಂಜೆ ಅಲ್ಲಿ ಬಂದು ಕೂತು ಮಕ್ಕಳ ಗದ್ದಲ ಕೇಳುತ್ತಿದ್ದಳು. ಒಂದು ದಿನ ಜೋಕಾಲಿಯ ಹಗ್ಗ ಹರಿದು ಬಸವರಾಜ ಕೈ ಮುರಿದುಕೊಂಡ. ಸವೆದ ಹಗ್ಗ ಬದಲಿಸಬೇಕಾದವನು ಅಧ್ಯಕ್ಷ. ಹಾಗೆಂದು ಒಪ್ಪಿಕೊಂಡರೆ ಅಧ್ಯಕ್ಷರ ಮಾನದ ಗತಿಯೇನು? ಬಂಜೆಯ ಕಣ್ಣು ಬಿತ್ತು ಎಂದುಬಿಟ್ಟ! ಎಂಟು ದಿನದಲ್ಲಿ ಬಾಗಿಲಿಗೆ ಹಲಗೆ ಬಂತು: 'ಮಕ್ಕಳಿಲ್ಲದ ದೊಡ್ಡವರಿಗೆ ಪ್ರವೇಶವಿಲ್ಲ.'

ಬಾಗಿಲು ಕಾಯುತ್ತಿದ್ದ ಈರಯ್ಯ ಘೋಣಸಗಿಯವನು, ಅವಳ ಗಂಡನ ದೂರದ ಸಂಬಂಧಿ. ಮೂವತ್ತೈದರ ಆಳು, ಮುಖದ ತುಂಬ ಮೀಸೆ. ಅವಳನ್ನು ತಡೆಯುವಾಗ ಅವನ ಕಣ್ಣು ನೆಲ ನೋಡುತ್ತಿತ್ತು.

"ಯವ್ವಾ, ತಪ್ಪು ತಿಳೀಬ್ಯಾಡ್ರಿ. ಬಿಟ್ರ ನನ್ನ ನೌಕರಿ ಹೋಗತೈತಿ."

ಒಳಗಿನಿಂದ ಗುರುಪಾದಯ್ಯ ಎಲ್ಲರಿಗೂ ಕೇಳುವಂತೆ ಕೂಗಿದ. "ಅತ್ತಿಗಿ, ಕಾಯ್ದೆ ಅಂದ್ರ ಕಾಯ್ದೆ. ಮನ್ಯಾಗ ಕುಂತು ಶಿವಾ ಶಿವಾ ಅನ್ರಿ."

ನೆರೆದ ಹೆಂಗಸರು ತಮ್ಮ ಮಕ್ಕಳನ್ನು ಸೆರಗಿಗೆ ಎಳೆದುಕೊಂಡರು. ಗುರುಬಸವ್ವನ ಮೈಯೆಲ್ಲ ಉರಿದುಹೋಯಿತು. ಅಳಲಿಲ್ಲ. ಇವನ ಸೊಕ್ಕು ಮುರಿಯದೆ ಬಿಡುವುದಿಲ್ಲ ಎಂದುಕೊಂಡು ನೇರವಾಗಿ ವಕೀಲರ ಮನೆಗೆ ನಡೆದಳು.

"ದತ್ತಕ ಮಗಗ ಎಷ್ಟು ವಯಸ್ಸಿರಬೇಕ್ರಿ?"

"ನಮ್ಮ ಮುಂಬೈ ಪ್ರಾಂತದಾಗ ವಯಸ್ಸಿನ ಕಟ್ಟಿಲ್ಲರಿ. ಲಗ್ನ ಆದವನೂ ನಡೀತಾನ," ಎಂದರು ವಕೀಲರು. "ಆದ್ರ ತಾಯಿ, ಉಡಿಯಾಗ ತಗೊಂಡ ಗಳಿಗ್ಗೆ ಹೊಲ ಅವಂದು. ಮುಂದ ಹೊಟ್ಟಿಗೂ ನೀವು ಅವನ ಮಾರಿ ನೋಡಬೇಕು."

"ನೋಡತೇನ್ರಿ. ಆ ಹೊಲ ಗುರುಪಾದನ ಮನಿಗಿ ಹೋಗಬಾರ್ದು, ಅಷ್ಟ."

ಘೋಣಸಗಿಯಲ್ಲಿ ಈರಯ್ಯನ ಮುದಿ ತಂದೆ ಕಕ್ಕಾಬಿಕ್ಕಿಯಾದ. "ಮೂರು ಮಂದಿ ಗಂಡುಮಕ್ಕಳದಾರ, ಒಬ್ಬನ್ನ ಕೊಡಾಕ ಅಡ್ಡಿಯಿಲ್ಲ. ಖರೆ, ಇಷ್ಟು ದೊಡ್ಡಾವ ಯಾತಕ್ಕ ಬೇಕವ್ವಾ?"

"ಸಾಲಿಗಿ ಕಳಸೂ ಕಾಟ ತಪ್ಪತೈತಿ," ಎಂದಳು ಗುರುಬಸವ್ವ.

ಐದು ಮಂದಿ ಹಿರಿಯರ ಮುಂದೆ ತಂದೆ ಮಗನ ಕೈಯನ್ನು ಅವಳ ಕೈಗಿಟ್ಟ. ಪದ್ಧತಿಯಂತೆ ಮಗ ತೊಡೆಯ ಮೇಲೆ ಕೂರಬೇಕಲ್ಲ! ಈರಯ್ಯ ಪೂರ್ತಿ ಭಾರ ಬಿಡಲಾರದೆ ಅರ್ಧ ಎದ್ದು ಅರ್ಧ ಕೂತು ಬೆವತುಹೋದ. ಹೆಂಗಸರು ಬಾಯಿಗೆ ಸೆರಗು ಹಚ್ಚಿ ನಕ್ಕರು. ಗುರುಬಸವ್ವ ಮಾತ್ರ ನಗಲಿಲ್ಲ. ಸಕ್ಕರೆ ಹಂಚಿ, ಮರುದಿನವೇ ಕಾಗದ ನೋಂದಣಿ ಮಾಡಿಸಿದಳು.

ಅಂದು ಸಂಜೆ ಮಗನನ್ನು ಜೊತೆಗಿಟ್ಟುಕೊಂಡು ಆಟದ ಬಯಲಿನ ಒಳಗೆ ನಡೆದಳು. ಗುರುಪಾದಯ್ಯ ಹೌಹಾರಿ ಎದ್ದ.

"ಏ ಈರ್ಯಾ! ಅಕಿನ್ನ ಯಾಕ ಬಿಟ್ಟಿಲೇ?"

"ನನಗ ಮಗ ಅದಾನಪಾ," ಎಂದು ಗುರುಬಸವ್ವ ಕಾಗದ ಅವನ ಕೈಗೆ ಕೊಟ್ಟಳು. "ನೋಡು, ಮೀಸಿ ಸೈತ ಬಂದಾವ."

ಓದುತ್ತ ಓದುತ್ತ ಗುರುಪಾದಯ್ಯನ ಮುಖ ಬಿಳಿಚಿಕೊಂಡಿತು. "ಅತ್ತಿಗಿ, ನಮ್ಮ ಬಸವರಾಜ... ಹೊಲ..."

"ನನ್ನ ಕೇಳಬ್ಯಾಡ. ಹೊಲದ ಮಾಲಕ ಇಲ್ಲಿ ನಿಂತಾನ, ಅವನ್ನ ಕೇಳು. ಲೇ ಅನ್ನಬ್ಯಾಡ ಮತ್ತ, ರೀ ಹಚ್ಚಿ ಕೇಳು."

ಬಯಲೆಲ್ಲ ನೋಡುತ್ತಿತ್ತು. ಗುರುಪಾದಯ್ಯ ನಿನ್ನೆ ಮೊನ್ನೆಯವರೆಗೆ ತನ್ನ ಆಳಾಗಿದ್ದವನ ಕಡೆ ತಿರುಗಿ, "ಈರಯ್ಯನವರ..." ಎಂದ.

ಅಷ್ಟರಲ್ಲಿ ಬಸವರಾಜ ಕೊರಳಿಗೆ ಕಟ್ಟಿದ ಕೈಯೊಂದಿಗೇ ಓಡಿಬಂದು, "ದೊಡ್ಡವ್ವಾ, ನೀ ಬಂದೇನ?" ಎಂದು ಅವಳ ಸೀರೆ ಹಿಡಿದ. ಮತ್ತೆ ಕರೆದ. ಗುರುಬಸವ್ವ ಅವನ ಕಡೆ ತಿರುಗಲಿಲ್ಲ. ಗುರುಪಾದಯ್ಯನ ಮುಖ ನೋಡುವುದು ಅವಳಿಗೆ ಇನ್ನೂ ಮುಗಿದಿರಲಿಲ್ಲ.