ಕೈ ತೊಳೆಯುವ ಕಡೆ ನಿಲ್ಲುವ ಕೆಲಸ

ನಿನ್ನೆ ಸಂಜೆ ಹೆಂಡತಿ ಒಲೆಯ ಕಡೆಯಿಂದ ಸೌಟು ಹಿಡಿದು ಬಂದು, "ಉಪ್ಪು ನೋಡ್ರಿ" ಎಂದು ನನ್ನ ಅಂಗೈಗೆ ಒಂದಿಷ್ಟು ಸಾರು ಬಿಟ್ಟಳು. ನಾನು ನೆಕ್ಕಿ, ಗಂಭೀರವಾಗಿ, "ಬಡಸ್ರಿ" ಎಂದೆ. "ಯಾರಿಗೆ ಬಡಸ್ಲಿ? ಇದು ಮನಿ, ಫಂಕ್ಷನ್ ಹಾಲ್ ಅಲ್ಲ" ಎಂದು ನಕ್ಕಳು. ನನಗೂ ನಗು ಬಂತು, ಆದರೆ ಆ ಮಾತಿನ ಹಿಂದೆಯೇ ಕಾಕಿಯ ನೆನಪೂ ಬಂತು.

ಕಾಕಿ ನನಗೆ ಸಂಬಂಧಿಯಲ್ಲ, ಕೆಲಸ ಕೊಟ್ಟವರು. ಹೈದರಾಬಾದಿನಲ್ಲಿ ನೆಲೆಸಿದ ನಮ್ಮ ಕಡೆಯವರಿಗೆ ಮಕ್ಕಳು ತೆಲುಗಿನಲ್ಲಿ ಜಗಳವಾಡಿದರೆ ಬೇಸರವಿಲ್ಲ. ಮದುವೆಯ ಊಟದಲ್ಲಿ ಮಾತ್ರ ಜೋಳದ ರೊಟ್ಟಿ, ಎಣ್ಣೆಗಾಯಿ, ಗೋಧಿ-ಬೆಲ್ಲದ ಹುಗ್ಗಿ ಬೇಕೇ ಬೇಕು. ಅದನ್ನೆಲ್ಲ ಮಾಡಿಕೊಡುವ ಅಡಿಗೆಮನೆಯನ್ನು ಕಾಕಿ ಮೆಹದಿಪಟ್ಟಣಂನಲ್ಲಿ ನಡೆಸುತ್ತಿದ್ದರು. ನಾನು ಅಲ್ಲಿ ಸ್ಟೋರ್ ನೋಡಿಕೊಳ್ಳುವವನು. ಅಕ್ಕಿ, ಬೇಳೆ, ಬೆಲ್ಲ ಅಳೆದು ಕೊಟ್ಟು, ಬಾಗಿಲು ಹಾಕಿಕೊಂಡು ಕೂತರೆ ನನ್ನ ದಿನ ಮುಗಿಯಿತು. ಸುಖದ ಕೆಲಸ. ಸುಖದಲ್ಲಿ ಇದ್ದವನಿಗೆ ಬರಬಾರದ ಆಸೆ ನನಗೆ ಬಂತು: ಊರಿನ ಇನ್ನೊಂದು ತುದಿಯ ಉಪ್ಪಲ್‌ನಲ್ಲಿ ಕಾಕಿ ಶುರು ಮಾಡಲಿದ್ದ ಹೊಸ ಅಡಿಗೆಮನೆಗೆ ನಾನೇ ಇನ್‌ಚಾರ್ಜ್ ಆಗಬೇಕು. ವಿಸಿಟಿಂಗ್ ಕಾರ್ಡಿನಲ್ಲಿ ನನ್ನ ಹೆಸರು ಯಾವ ಬಣ್ಣದಲ್ಲಿರಬೇಕು ಎಂಬುದನ್ನೂ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದೆ.

ಧೈರ್ಯ ಮಾಡಿ ಕೇಳಿಯೂ ಬಿಟ್ಟೆ. ಕಾಕಿ ಕೊತ್ತಂಬರಿ ಸೊಪ್ಪು ಸೋಸುತ್ತಿದ್ದವರು ತಲೆ ಎತ್ತದೆ ಅಂದರು: "ಕೈ ತೊಳಿಯೂ ಕಡೆ ನಿಂದ್ರತೀಯೇನು ತಮ್ಮಾ?"

ಇದನ್ನು ನಿಮಗೆ ಬಿಡಿಸಿ ಹೇಳಬೇಕು. ಕಾಕಿಯ ಅಡಿಗೆಮನೆಯಲ್ಲಿ ಒಂದು ಪದ್ಧತಿ. ಪಂಕ್ತಿ ಕೂರುವ ಮೊದಲು ಒಬ್ಬರು ಎಲ್ಲ ಪಾತ್ರೆಗಳ ರುಚಿ ನೋಡಿ "ಬಡಸ್ರಿ" ಎನ್ನಬೇಕು. ಚೆನ್ನಾಗಿದೆ ಅನ್ನುವ ಹಾಗಿಲ್ಲ, ಸರಿ ಇದ್ದಂಗಿದೆ ಅನ್ನುವ ಹಾಗಂತೂ ಇಲ್ಲ. "ಬಡಸ್ರಿ" ಅಂದವರೇ ಊಟ ಮುಗಿಯುವ ಹೊತ್ತಿಗೆ ಟವೆಲ್ ಹಿಡಿದು ಕೈ ತೊಳೆಯುವ ನಲ್ಲಿಗಳ ಹತ್ತಿರ ನಿಲ್ಲಬೇಕು. ಎಲೆಯ ಮುಂದೆ ಕೂತಾಗ ಎಲ್ಲರೂ ಮರ್ಯಾದೆಗೆ ಹೊಗಳುತ್ತಾರೆ. ನಿಜ ಹೊರಬೀಳುವುದು ಕೈ ತೊಳೆಯುವಾಗ. ಅಲ್ಲಿ ಬಂದ ಮಾತನ್ನು ನಿಂತು ಕೇಳಬೇಕು, ಅಡಿಗೆಯವರ ಮೇಲೆ ಹಾಕಬಾರದು. ಅಷ್ಟು ವರ್ಷ ಕಾಕಿಯೇ ನಿಲ್ಲುತ್ತಿದ್ದರು. ರುಚಿ ನೋಡು ಎಂದರೆ ನನಗೋ ಬಾಯಿಗೆ ಬರುತ್ತಿದ್ದದ್ದು ಒಂದೇ: "ಸರಿ ಇದ್ದಂಗ ಐತ್ರಿ ಕಾಕಿ, ನೀವೂ ಒಮ್ಮಿ ನೋಡ್ರಿ."

ಹೀಗಿರುವಾಗ ಒಂದು ಮದುವೆಯ ಬೆಳಿಗ್ಗೆ ಕಾಕಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಭಾಳ ನೆಗಡಿ ತಮ್ಮಾ, ಏನೂ ರುಚಿ ಹತ್ತವಲ್ದು. ಇವತ್ತು ನೀನ ನೋಡ್ಕೋ. ಹೆಂಗ ಮಾಡ್ತಿ ನೋಡಿ ಉಪ್ಪಲ್ ಮಾತು ಆಡೂಣು" ಎಂದು ಮನೆಯಲ್ಲೇ ಉಳಿದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ರೊಟ್ಟಿ ಸರಿ. ಎಣ್ಣೆಗಾಯಿ ಸರಿ. ಕಟ್ಟಿನ ಸಾರೂ ಸರಿ. ಹುಗ್ಗಿಯನ್ನು ಬಾಯಿಗಿಟ್ಟುಕೊಂಡೆ, ತಳ ಹಿಡಿದಿತ್ತು. ಸಣ್ಣ ವಾಸನೆ, ಆದರೆ ಇತ್ತು.

"ಮ್ಯಾಲಿಂದ ಮ್ಯಾಲ ತಗದು, ಯಾಲಕ್ಕಿ ಹಾಕಿದ್ರ ಯಾರಿಗೂ ಗೊತ್ತಾಗಂಗಿಲ್ರಿ" ಎಂದ ಅಡಿಗೆಯ ಮಲ್ಲಪ್ಪ. ಹೊರಗೆ ಜನ ಕೂತಾಗಿತ್ತು. ಹುಡುಗಿಯ ತಂದೆ ಎರಡು ಸಲ ಇಣುಕಿ ಹೋಗಿದ್ದರು. ಬಡಿಸಿದರೆ ನಡೆದುಹೋಗಬಹುದು, ನಿಲ್ಲಿಸಿದರೆ ಗದ್ದಲ, ಗದ್ದಲವಾದರೆ ಉಪ್ಪಲ್ ಕೈತಪ್ಪಿದ ಹಾಗೆ. "ಸರಿ ಇದ್ದಂಗ ಐತಿ" ಎಂದು ನಾಲಿಗೆ ತುದಿಗೆ ಬಂತು. ಆದರೆ ಯಾರಿಗೆ ಹೇಳಲಿ? "ನೀವೂ ಒಮ್ಮಿ ನೋಡ್ರಿ" ಎನ್ನಲು ಕಾಕಿ ಇರಲಿಲ್ಲ. ಆ ಕ್ಷಣ ನನಗೆ ನಿಜವಾಗಿ ಅಳು ಬಂದಂತಾಯಿತು.

ಹುಡುಗಿಯ ತಂದೆಯ ಹತ್ತಿರ ಹೋಗಿ ಹೇಳಿದೆ: "ಹುಗ್ಗಿ ಸೀದೈತ್ರಿ. ನಾ ಬಡಸಂಗಿಲ್ಲ. ಅದರ ಬದ್ಲಿ ಊಟದ ನಡುವ ಶಿರಾ ಬರ್ತೈತಿ." ಅವರ ಮುಖ ಕೆಂಪಾಯಿತು. "ಮದುವಿ ಊಟ, ಮೊದಲ ಸಿಹಿ ಇಲ್ದಂಗ ಎಲಿ ಹಾಕ್ತೀರಾ?" ಎಂದು ಎಲ್ಲರ ಎದುರೇ ಬೈದರು. ಬೈಸಿಕೊಂಡು ಒಳಗೆ ಬಂದು ರವೆ ಹುರಿಯಲು ಹಚ್ಚಿ, ಉಳಿದದ್ದಕ್ಕೆ "ಬಡಸ್ರಿ" ಎಂದೆ. ಧ್ವನಿ ನನ್ನದೇನಾ ಎಂದು ನನಗೇ ಅನುಮಾನ.

ಆಮೇಲೆ ಟವೆಲ್ ಹಿಡಿದು ನಿಂತೆ. ಒಬ್ಬ ಅಜ್ಜಿ ಕೈ ಒರೆಸಿಕೊಳ್ಳುತ್ತಾ, "ಅನ್ನ ಉಂಡಮ್ಯಾಲ ಸಿಹಿ ಬಡಸಾಕ ಯಾರು ಕಲಿಸ್ಯಾರ ನಿಮಗ?" ಎಂದು ಗದರಿಸಿದರು. "ನಂದ ತಪ್ಪರಿ ಅವ್ವಾರ." ಅಜ್ಜಿ ನನ್ನ ಮುಖವನ್ನೇ ನೋಡಿ, "ಶಿರಾ ಮಾತ್ರ ಚಲೋ ಇತ್ತು" ಎಂದು ಟವೆಲ್ ಮಡಚಿ ಕೈಗೆ ಕೊಟ್ಟರು. ಎಲ್ಲರೂ ಅಷ್ಟು ಉದಾರಿಗಳಾಗಿರಲಿಲ್ಲ. ಆದರೆ ನಿಲ್ಲಬಹುದು ಎಂದು ಅವತ್ತು ಗೊತ್ತಾಯಿತು.

ಸಂಜೆ ಊಟದ ಡಬ್ಬಿ ತಂದು ಕಾಕಿಯ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವರು ಬಯ್ಯಲಿಲ್ಲ, ಹೊಗಳಲೂ ಇಲ್ಲ. ಊಟ ಮಾಡುತ್ತಾ, "ಕಟ್ಟಿನ ಸಾರಿಗೆ ಒಂದ ಚಿಟಿಕಿ ಉಪ್ಪು ಕಡಿಮಿ ಆಗೇತಿ ನೋಡು" ಅಂದರು.

"ರುಚಿ ಹತ್ತವಲ್ದು ಅಂದಿದ್ರಲ್ರಿ ಕಾಕಿ?"

ಕಾಕಿ ಸೆರಗು ಸರಿಮಾಡಿಕೊಂಡರು. "ಈಗ ಆರಾಮ ಆತು. ಸೋಮವಾರದಿಂದ ಉಪ್ಪಲ್‌ಗೆ ಹೋಗು."

ಆ ನೆಗಡಿಯನ್ನು ನೆನೆದರೆ ಈಗಲೂ ನನಗೆ ಕಾಕಿಯ ಮೇಲೆ ಪ್ರೀತಿ ಉಕ್ಕುತ್ತದೆ. ಮನೆಯಲ್ಲಿ ಕೂತು ಅವರೆಷ್ಟು ಚಡಪಡಿಸಿರಬೇಕು ಎಂಬುದು ನಾನು ಇನ್‌ಚಾರ್ಜ್ ಆದಮೇಲೆ ತಿಳಿಯಿತು. ಸೌಟು ಕೈಗೆ ಬರುವುದೇನೋ ಕಷ್ಟ. ಬಂದದ್ದನ್ನು ಇನ್ನೊಬ್ಬರಿಗೆ ಕೊಡುವುದು ಇನ್ನೂ ಕಷ್ಟ. ನನ್ನ ಸ್ಟೋರ್ ನೋಡಿಕೊಳ್ಳುವ ರೇಣುಕಾ, "ಒಂದ ಫಂಕ್ಷನ್ ನನ್ನ ಕೈಗೆ ಕೊಡ್ರಿ ಅಣ್ಣಾ" ಎಂದು ಎಷ್ಟು ದಿನದಿಂದ ಕೇಳುತ್ತಿದ್ದಾಳೆ. ರುಚಿ ನೋಡು ಎಂದರೆ, "ಸರಿ ಇದ್ದಂಗ ಐತಿ, ನೀವೂ ನೋಡ್ರಿ" ಎನ್ನುತ್ತಾಳೆ. ಅದೇ ನೆಪದಲ್ಲಿ ಮುಂದೂಡುತ್ತಾ ಬಂದಿದ್ದೆ.

ನಿನ್ನೆ ಸಾರು ಉಂಡು, ಕೈ ತೊಳೆದು, ಫೋನ್ ಹಚ್ಚಿದೆ. ಹೆಂಡತಿ ಬೆರಗಾಗಿ ನೋಡುತ್ತಿದ್ದಂತೆ ಮೂಗು ಗಟ್ಟಿಯಾಗಿ ಹಿಡಿದುಕೊಂಡು ಹೇಳಿದೆ: "ರೇಣುಕಾ, ನಾಳಿನ ಫಂಕ್ಷನ್ ನೀನ ನೋಡ್ಕೋಬೇಕವಾ. ನನಗ ಭಾಳ ನೆಗಡಿ."